ಗೊತ್ತಿದ್ದೂ ಯಾಕೆ ಕೇಳ್ತೀ?

ರಜೆ ಶುರುವಾಗಿ ನಾಲ್ಕನೇ ದಿನ. ಏಪ್ರಿಲ್‌ನಲ್ಲಿ ಕಾರವಾರದ ಸೆಕೆ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ ಎಂಟೂವರೆಗೆಲ್ಲ ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿರುತ್ತದೆ. ಆಫೀಸಿಗೆ ಹೊರಡುವ ಮೊದಲಿನ ಅರ್ಧ ತಾಸನ್ನು ನಾನು ಮಗಳ ಮಗ್ಗಿಗೆಂದು ಮೀಸಲಿಟ್ಟಿದ್ದೆ. ನಾಲ್ಕನೇ ಕ್ಲಾಸು ಮುಗಿಸಿ ಐದಕ್ಕೆ ಹೋಗುವವಳು. ಇನ್ನೂ ಏಳರ ಮಗ್ಗಿಯಲ್ಲಿ ಎಡವುತ್ತಾಳೆ ಎಂಬುದು ನನ್ನ ಚಿಂತೆ. "ಏಳೆಂಟ್ಲೆ?" ಎಂದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಏಳೆಂಟ್ಲೆ?" ಎಂದೆ. ಅವಳು ನನ್ನ ಮುಖ ನೋಡಿ ಕೇಳಿದಳು: "ಅಪ್ಪಾ, ನಿಂಗೆ ಗೊತ್ತಿಲ್ವಾ?"

"ಗೊತ್ತು."

"ಮತ್ತೆ ಗೊತ್ತಿದ್ದೂ ಯಾಕೆ ಕೇಳ್ತೀ?"

ತಲೆಹರಟೆಯ ದನಿಯಲ್ಲ ಅದು, ನಿಜವಾಗಿಯೂ ತಿಳಿಯದೆ ಕೇಳಿದ್ದು. ನಿನಗೆ ಗೊತ್ತಿದೆಯೋ ಇಲ್ಲವೋ ನೋಡುವುದಕ್ಕೆ ಎಂದು ಎಲ್ಲ ಅಪ್ಪಂದಿರೂ ಕೊಡುವ ಉತ್ತರವನ್ನೇ ಕೊಟ್ಟೆ. "ನಂಗೆ ಗೊತ್ತಿಲ್ಲ ಅಂತ ನಿಂಗೆ ಗೊತ್ತಲ್ಲ. ನಿನ್ನೆನೂ ಕೇಳಿದ್ದೆ, ನಿನ್ನೆನೂ ಬರ್ಲಿಲ್ಲ." ಅಲ್ಲಿಗೆ ಅವತ್ತಿನ ಪಾಠ ಮುಗಿಯಿತು. ಹೊತ್ತಾಯಿತೆಂದು ನಾನು ಬ್ಯಾಗು ಹೆಗಲಿಗೇರಿಸಿ ಹೊರಬಿದ್ದೆ. ಆದರೆ ಆ ಮಾತು ಕಾಲಿಗೆ ಹತ್ತಿದ ಮುಳ್ಳಿನ ಹಾಗೆ ಇಡೀ ರಜೆ ನನ್ನ ಜೊತೆಗೇ ಓಡಾಡಿತು.

ಯೋಚಿಸಿ ನೋಡಿದರೆ, ಉತ್ತರ ಕೈಯಲ್ಲಿಟ್ಟುಕೊಂಡು ಪ್ರಶ್ನೆ ಕೇಳುವ ಜಾಗಗಳು ಪ್ರಪಂಚದಲ್ಲಿ ಬಹಳ ಕಡಿಮೆ. ಕಿರಾಣಿ ಅಂಗಡಿಯವನು ಸಕ್ಕರೆ ಎಷ್ಟು ಕೇಜಿ ಎಂದು ಕೇಳುವುದು ಅವನಿಗೆ ಗೊತ್ತಿಲ್ಲದ್ದಕ್ಕೆ. ಬಸ್ಸಿನ ಕಂಡಕ್ಟರು ಎಲ್ಲಿಗೆ ಎಂದು ಕೇಳುವುದೂ ಹಾಗೇ. ಗೊತ್ತಿದ್ದೂ ಕೇಳುವವರು ಶಾಲೆಯವರು, ಪೊಲೀಸರು ಮತ್ತು ಪಾಟೀ ಸವಾಲು ಹಾಕುವ ವಕೀಲರು. ರಜೆಯ ಬೆಳಗಿನ ಅರ್ಧ ತಾಸು ನಾನು ಇವರಲ್ಲಿ ಯಾರಾಗಿದ್ದೆನೋ, ಅದನ್ನು ಮಗಳೇ ಹೇಳಬೇಕು.

ವೇಳಾಪಟ್ಟಿಯ ಆಯುಷ್ಯ

ಫ್ರಿಜ್ಜಿನ ಬಾಗಿಲಿಗೆ ನಾನು ಅಂಟಿಸಿದ ವೇಳಾಪಟ್ಟಿ ಒಂಬತ್ತು ದಿನ ಬದುಕಿತು. ಏಳಕ್ಕೆ ಏಳುವುದು, ಎಂಟಕ್ಕೆ ಮಗ್ಗಿ, ಹತ್ತಕ್ಕೆ ಕಾಪಿ ಬರೆಯುವುದು, ನಾಲ್ಕಕ್ಕೆ ಕಥೆ ಪುಸ್ತಕ, ಹೀಗೆ. ಏಪ್ರಿಲ್ 11ರಿಂದ ಮೇ 28, ಲೆಕ್ಕ ಹಾಕಿದರೆ 48 ದಿನ. ಅಷ್ಟು ದಿನ ಸುಮ್ಮನೆ ಬಿಟ್ಟರೆ ಕಲಿತದ್ದೆಲ್ಲ ಆವಿಯಾಗಿ ಹೋಗುತ್ತದೆಂಬ ಭಯ ನನ್ನಂಥ ಎಲ್ಲರಿಗೂ ಇದ್ದದ್ದೇ. ಭಯ ಪೂರ್ತಿ ಸುಳ್ಳೂ ಅಲ್ಲ. ಅಮೆರಿಕದಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಅಲ್ಲಿನ 39 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಬೇಸಿಗೆ ರಜೆ ಮುಗಿಯುವಾಗ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬಿದ್ದಿರುತ್ತಾರೆ, ಓದಿಗಿಂತ ಲೆಕ್ಕದಲ್ಲಿ ಈ ಹಿನ್ನಡೆ ಹೆಚ್ಚು ಎಂದು ಬರೆದಿದ್ದರು. ಲೆಕ್ಕದಲ್ಲೇ ಯಾಕೆ ಹೆಚ್ಚು ಎಂಬುದಕ್ಕೆ ದೊಡ್ಡ ಬುದ್ಧಿ ಬೇಕಿಲ್ಲ. ಅಕ್ಷರ ರಜೆಯಲ್ಲೂ ಕಣ್ಣಿಗೆ ಬೀಳುತ್ತಲೇ ಇರುತ್ತದೆ, ಅಂಗಡಿ ಬೋರ್ಡಿನಲ್ಲಿ, ಬಿಸ್ಕೀಟಿನ ಪೊಟ್ಟಣದಲ್ಲಿ, ಬಸ್ಸಿನ ಹಣೆಯ ಮೇಲೆ. ಭಾಗಾಕಾರ ಹಾಗೆ ಯಾರ ಕಣ್ಣಿಗೂ ತಾನಾಗಿ ಬೀಳುವುದಿಲ್ಲ.

ಶಾಲೆಯವರು ಕೊಟ್ಟ ಹೋಮ್‌ವರ್ಕ್ ಬೇರೆ. ದಿನಕ್ಕೊಂದು ಪುಟ ಇಂಗ್ಲಿಷ್ ಕಾಪಿ, ವಂಶವೃಕ್ಷ, ಥರ್ಮಾಕೋಲಿನ ಸೌರಮಂಡಲ. ಮೇ ಕೊನೆಯ ವಾರ ಪೇಟೆಯ ಸ್ಟೇಷನರಿ ಅಂಗಡಿಗೆ ಹೋಗಿ ನೋಡಿ. ಗ್ರಹ ಮಾಡಲು ಚೆಂಡು, ಬಣ್ಣದ ಕಾಗದ, ಗ್ಲಿಟರ್ ಎಂದು ಮುಗಿಬಿದ್ದವರಲ್ಲಿ ಮಕ್ಕಳು ಒಬ್ಬರೂ ಇರುವುದಿಲ್ಲ. ಶನಿಯ ಬಳೆಯನ್ನು ರಾತ್ರಿ ಹನ್ನೊಂದರವರೆಗೆ ಕೂತು ಕತ್ತರಿಸಿದ ಅನುಭವ ನನಗೂ ಉಂಟು. ಮಗಳು ಅಷ್ಟೊತ್ತಿಗೆ ನಿದ್ದೆ ಹೋಗಿದ್ದಳು. ಅದು ಹಿಂದಿನ ವರ್ಷದ ಕಥೆ.

ಮಗ್ಗಿ ವಿಷಯಕ್ಕೆ ಬರುತ್ತೇನೆ. ಅದನ್ನು ನಾನು ಪೂರ್ತಿ ಬಿಡಲಿಲ್ಲ, ಬಿಡಬಾರದು ಎಂಬುದೇ ನನ್ನ ಮತ. ನಮ್ಮಪ್ಪ ಕನ್ನಡ ಶಾಲೆ ಮಾಸ್ತರಾಗಿದ್ದವರು. ಅವರಿಗೆ ಮೂವತ್ತರವರೆಗಿನ ಮಗ್ಗಿಯ ಜೊತೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಬಾಯಲ್ಲೇ ಇತ್ತು; ಅಡಿಕೆ ವ್ಯಾಪಾರಿ ಕ್ಯಾಲ್ಕುಲೇಟರ್ ಒತ್ತುವಷ್ಟರಲ್ಲಿ ಅವರು ಉತ್ತರ ಹೇಳಿ ಎದ್ದುಬಿಡುತ್ತಿದ್ದರು. ಬಾಯಿಪಾಠವನ್ನು ಬಯ್ಯುವುದು ಈಗ ಒಂದು ಫ್ಯಾಶನ್ನು. ಆದರೆ ನಾನು ಕಲಿಸಲು ಕೂತ ತಕ್ಷಣ ನನ್ನ ಗಂಟಲಲ್ಲಿ ಅಪ್ಪನ ದನಿಯೇ ಬರುತ್ತದಲ್ಲ, ಕೋಲು ಒಂದಿಲ್ಲ ಅಷ್ಟೆ. ಹಾಗಾಗಿ ಆಟ ತಿರುಗಿಸಿದೆ: ಅವಳು ಕೇಳುವುದು, ನಾನು ಹೇಳುವುದು. ಮೊದಮೊದಲು ಬೇಕೆಂದೇ ತಪ್ಪು ಹೇಳಿದೆ. ಎರಡೇ ದಿನಕ್ಕೆ ಹಿಡಿದಳು, "ನೀನು ನಾಟಕ ಮಾಡ್ತೀ" ಎಂದಳು. ಆಮೇಲೆ ಅವಳು ಪುಸ್ತಕದ ಹಿಂದಿನ ಪುಟ ತೆರೆದು ಹದಿನೇಳರದ್ದು, ಹತ್ತೊಂಬತ್ತರದ್ದು ಕೇಳತೊಡಗಿದಳು. ಅಲ್ಲಿ ನಾಟಕ ಬೇಕಾಗಲಿಲ್ಲ. ಹತ್ತೊಂಬತ್ತೇಳ್ಲೆ ಎಷ್ಟೆಂದು ನಾನು ನಿಜವಾಗಿಯೂ ತಡಕಾಡಿದೆ, ಅವಳು ಪುಸ್ತಕ ಎದೆಗೆ ಅವುಚಿಕೊಂಡು ಹಿಗ್ಗಿದಳು.

ಇನ್‌ಲ್ಯಾಂಡ್ ಪತ್ರದ ಮಡಿಕೆ

ನಾನು ಓದಲು ಕಲಿತದ್ದು ಯಾವಾಗ ಎಂದು ಯೋಚಿಸಿದರೆ ನನಗೆ ನೆನಪಾಗುವುದು ಶಾಲೆಯಲ್ಲ, ನಮ್ಮಜ್ಜಿ. ಶಾಲೆಯಲ್ಲಿ ಅಕ್ಕೋರು ಕಲಿಸಿದ್ದರು, ಸುಳ್ಳಲ್ಲ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ದೊಡ್ಡಪ್ಪ ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು, ತಿಂಗಳಿಗೋ ಎರಡು ತಿಂಗಳಿಗೋ ಒಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಅಪ್ಪ ಮನೆಯಲ್ಲಿರುವಾಗ ಅವರು ಓದುತ್ತಿದ್ದರು, ಆದರೆ ಅಪ್ಪನ ಓದು ಅಜ್ಜಿಗೆ ಸೇರುತ್ತಿರಲಿಲ್ಲ. ಮಾಸ್ತರರಲ್ಲವೇ, ಕಣ್ಣಲ್ಲೇ ಓದಿ ಸಾರಾಂಶ ಹೇಳಿಬಿಡುವರು: "ಎಲ್ಲ ಅರಾಮ ಅಂತೆ." ಅಜ್ಜಿಗೆ ಬೇಕಾದದ್ದು ಸಾರಾಂಶವಲ್ಲ, ಮಗನ ಮಾತು. ಹಾಗಾಗಿ ಪೋಸ್ಟಿನವನು ಬಂದದ್ದು ಹಗಲಾದರೆ ಪತ್ರವನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದಳು. "ತಮಾ, ಎಂತ ಬರದಾನೆ ನೋಡು."

ಆಗ ನಾನು ಮೂರನೇ ಇಯತ್ತೆ. ದೊಡ್ಡಪ್ಪನ ಅಕ್ಷರ ಕೋಳಿ ಕೆದರಿದ ಹಾಗೆ, ಒತ್ತಕ್ಷರಗಳೆಲ್ಲ ಒಂದೇ ತರಹದ ಬಾಲ. ಒಂದು ಪತ್ರಕ್ಕೆ ಅರ್ಧ ತಾಸು ಹಿಡಿಯುತ್ತಿತ್ತು. ಅಜ್ಜಿ ಒಂದು ಸಲವೂ ತಪ್ಪು ಎನ್ನಲಿಲ್ಲ, ತಪ್ಪೆಂದು ಅವಳಿಗೆ ಗೊತ್ತಾಗುವುದಾದರೂ ಹೇಗೆ? ಅರ್ಥವಾಗದಿದ್ದರೆ "ಮತ್ತೊಂದ್ಸಲ ಓದು" ಎನ್ನುತ್ತಿದ್ದಳು. ನಾನು ಓದಿದ್ದು ಮಗನ ಬಾಯಿಂದ ಬರುವಂಥ ಮಾತಲ್ಲ ಅನ್ನಿಸಿದರೆ ಕತ್ತು ಓರೆ ಮಾಡಿ ಸುಮ್ಮನೆ ಕೂರುವಳು. ಆ ಮೌನಕ್ಕೆ ನಾನೇ ಮತ್ತೆ ಹಿಂದಕ್ಕೆ ಹೋಗಿ ಕೂಡಿಸಿ ಓದಿ ಸರಿಮಾಡಿಕೊಳ್ಳುತ್ತಿದ್ದೆ.

ಒಂದು ವರ್ಷ ಚೌತಿಯ ಮುಂಚೆ ಬಂದ ಪತ್ರವನ್ನು ನಾನು ಅವಸರದಲ್ಲಿ ಬಿಡಿಸಿದೆ. ಇನ್‌ಲ್ಯಾಂಡ್ ಬಿಡಿಸಿ ಗೊತ್ತಿದ್ದವರಿಗೆ ಅದರ ಕಷ್ಟ ಗೊತ್ತು, ಅಂಟಿನ ಅಂಚಿಗೆ ಒಂದು ಸಾಲು ಯಾವಾಗಲೂ ಬಲಿಯಾಗುತ್ತದೆ. "ಈ ಸಲ ಚೌತಿಗೆ ಬರಲಾಗು" ಎಂಬಲ್ಲಿಗೆ ಕಾಗದ ಹರಿದಿತ್ತು. ಉಳಿದ ಅಕ್ಷರ ಮಡಿಕೆಯ ಆಚೆ ಅಂಟಿಕೊಂಡಿದ್ದಿರಬೇಕು, ನಾನು ಹುಡುಕಲಿಲ್ಲ. "ಬರಲಾಗುವುದು" ಎಂದು ಓದಿಬಿಟ್ಟೆ. ಅಜ್ಜಿ ಚಕ್ಕುಲಿಗೆ ಹಾಕುವ ಅಕ್ಕಿಯನ್ನು ಎರಡು ಸೇರು ಹೆಚ್ಚಿಗೆ ಅಳೆದಳು. ದೊಡ್ಡಪ್ಪನಿಗೆಂದು ಅಟ್ಟದಿಂದ ಹಾಸಿಗೆ ಇಳಿಸಿ ಬಿಸಿಲಿಗೆ ಹಾಕಿಸಿದಳು. ಚೌತಿಯ ಹಿಂದಿನ ಸಂಜೆ ರಸ್ತೆಯವರೆಗೆ ಎರಡು ಸಲ ಹೋಗಿ ಬಂದಳು. ಕೊನೆಯ ಬಸ್ಸು ಹೋದ ಮೇಲೆ ಅಪ್ಪ ಪತ್ರ ಕೇಳಿದರು, ದೀಪಕ್ಕೆ ಹಿಡಿದರು, ಮಡಿಕೆಯನ್ನು ಉಗುರಿನಿಂದ ಬಿಡಿಸಿದರು. "ವುದಿಲ್ಲ" ಅಲ್ಲೇ ಇತ್ತು.

ಅಪ್ಪ ನನಗೆ ಎರಡು ಬಿಟ್ಟರು. ಅಜ್ಜಿ ಏನೂ ಅನ್ನಲಿಲ್ಲ. ಮುಂದಿನ ಪತ್ರ ಬಂದಾಗ ಮತ್ತೆ ನನ್ನ ಕೈಗೇ ಕೊಟ್ಟಳು, ಆದರೆ ಈ ಸಲ ಹರಿಯುವ ಮೊದಲು ಅಂಚಿಗೆ ತಾನೇ ನೀರು ಹಚ್ಚಿ ಅಂಟು ಬಿಡಿಸಿದಳು. ಅವತ್ತಿನಿಂದ ಇವತ್ತಿನವರೆಗೆ ಯಾವ ಕಾಗದವನ್ನೇ ಓದಲಿ, ಸಾಲಿನ ಕೊನೆಯಲ್ಲಿ ಕ್ರಿಯಾಪದ ಪೂರ್ತಿ ಇದೆಯೇ ಎಂದು ನನ್ನ ಕಣ್ಣು ತಾನಾಗಿ ನೋಡುತ್ತದೆ. ಕನ್ನಡದಲ್ಲಿ ಹೌದು, ಅಲ್ಲ ಎರಡೂ ಕೊನೆಯಲ್ಲೇ ತಾನೇ ಬರುವುದು? ಅಪ್ಪನ ಏಟು ಎಲ್ಲಿ ಬಿತ್ತೆಂದು ನೆನಪಿಲ್ಲ, ರಸ್ತೆಯಿಂದ ತಿರುಗಿ ಬರುವಾಗಿನ ಅಜ್ಜಿಯ ನಡಿಗೆ ನೆನಪಿದೆ.

ಅಜ್ಜಿ ಕೇಳಿದ್ದು ತನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ. ಮಗಳ ಮಾತು ಕೇಳಿದ ಮೇಲೆ ಇದು ನನಗೆ ಹೊಳೆಯಲು ಮೂರು ವಾರ ಹಿಡಿಯಿತು.

ನೀರಿಳಿಯುವ ಹೊತ್ತು

ಮೇ ತಿಂಗಳಲ್ಲಿ ರಜೆ ಹಾಕಿ ಊರಿಗೆ ಹೋದೆವು. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಗೆ ಹತ್ತಿರ, ಉಪ್ಪುನೀರು ನುಗ್ಗುವ ಗಜನಿ ಭೂಮಿಯ ಅಂಚಿಗೆ ನಮ್ಮ ಮನೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆಂದು ಹೇಳುವ ಈ ಹೊಳೆಗೆ ಸಮುದ್ರದವರೆಗೆ ಎಲ್ಲೂ ಅಣೆಕಟ್ಟಿಲ್ಲ. ಅಳಿವೆಯ ಕೆಸರು, ಉಪ್ಪುನೀರಿನಲ್ಲೂ ಬೆಳೆಯುವ ಕಾಂಡ್ಲ ಗಿಡ ಮತ್ತು ಕಗ್ಗ ಭತ್ತ, ಬಳಚು ಎಂಬ ಚಿಪ್ಪುಜೀವಿ, ಎಲ್ಲ ಸೇರಿ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಊರಿನವರಿಗೆ ಆ ಹೆಸರು ಇನ್ನೂ ಬಾಯಿಗೆ ಹತ್ತಿಲ್ಲ. ಅವರಿಗೆ ಅದು ಹೊಳೆ, ಅಷ್ಟೆ.

ಆಚೆಮನೆಯ ಅಕ್ಕ ಬಳಚು ಹೆಕ್ಕಲು ಹೋಗುವವರು. ನಾವು ಹೋದ ಮರುದಿನ ಊಟದ ಹೊತ್ತಿಗೆ ಬುಟ್ಟಿ ಹಿಡಿದು ನಮ್ಮ ಅಂಗಳ ದಾಟಿ ಹೊರಟರು. ಮಗಳು ನಾನೂ ಬರ್ತೇನೆ ಎಂದಳು. ಇವತ್ತು ಬೇಡ, ನಾಳೆ ಬಾ ಎಂದರು. "ನಾಳೆ ಎಷ್ಟು ಗಂಟೆಗೆ?"

"ನೀರಿಳಿದಾಗ."

"ಅದು ಎಷ್ಟು ಗಂಟೆಗೆ ಇಳೀತದೆ?"

"ಇವತ್ತು ಏಕಾದಶಿ ಅಲ್ದಾ ತಂಗಿ? ನಾಳೆ ಇನ್ನಷ್ಟು ತಡ." ಅವರು ನಡೆದೇಬಿಟ್ಟರು. ಮಗಳು ನನ್ನ ಕಡೆ ತಿರುಗಿ ಕೇಳಿದಳು, ಎಷ್ಟು ತಡ? ನಾನು ಹುಟ್ಟಿದ್ದು ಈ ಹೊಳೆಯ ದಂಡೆಯಲ್ಲಿ. ಭರತ, ಇಳಿತ ಎಂದರೇನೆಂದು ಗೊತ್ತು, ಹುಣ್ಣಿಮೆ ಅಮಾವಾಸ್ಯೆಗೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ ಎಂದೂ ಗೊತ್ತು. ದಿನಕ್ಕೆ ಎಷ್ಟು ತಡವಾಗುತ್ತದೆಂದು ಮಾತ್ರ ಗೊತ್ತಿರಲಿಲ್ಲ. ನಲವತ್ತು ದಾಟಿದ ಮನುಷ್ಯನಿಗೆ ಇದು ನಾಚಿಕೆಯ ವಿಷಯವೇ. "ಗೊತ್ತಿಲ್ಲ" ಎಂದೆ. ಕಿಸೆಯಲ್ಲಿದ್ದ ಫೋನು ತೆಗೆದು ನೋಡಿದ್ದರೆ ಒಂದು ನಿಮಿಷದ ಕೆಲಸ. ಅದನ್ನು ತೆಗೆಯಲಿಲ್ಲ ಎಂಬುದೊಂದೇ ಆ ರಜೆಯಲ್ಲಿ ನಾನು ಮಾಡಿದ ಜಾಣತನ, ಅದೂ ನೆಟ್‌ವರ್ಕ್ ಸರಿ ಇಲ್ಲದ್ದಕ್ಕೆ.

ಮನೆಯ ಹಿಂದೆ ಹೊಳೆಗೆ ಇಳಿಯಲು ಹಳೆಯ ಚಿರೆಕಲ್ಲಿನ ಮೆಟ್ಟಿಲುಗಳಿವೆ. ಇಬ್ಬರೂ ಅಲ್ಲಿ ಹೋಗಿ ಕೂತೆವು. ನೀರು ಪೂರ್ತಿ ಇಳಿದ ಕ್ಷಣವನ್ನು ಗುರುತಿಸುವುದು ಸುಲಭವಲ್ಲ. ಕೊನೆಯ ಇಪ್ಪತ್ತು ನಿಮಿಷ ಅದು ಇಳಿಯುತ್ತಲೂ ಇರುವುದಿಲ್ಲ, ಏರುತ್ತಲೂ ಇರುವುದಿಲ್ಲ, ಯೋಚನೆ ಮಾಡುವವರ ಹಾಗೆ ನಿಂತಿರುತ್ತದೆ. ನೀರಿನ ಅಂಚಿಗೆ ಒಂದೊಂದು ಕಡ್ಡಿ ಚುಚ್ಚುತ್ತ ಹೋಗುವ ಉಪಾಯ ಅವಳದ್ದೇ. ಯಾವ ಕಡ್ಡಿಯ ನಂತರ ನೀರು ತಿರುಗಿ ಬಂತೋ ಆ ಹೊತ್ತು ಬರೆದಿಟ್ಟುಕೊಳ್ಳುವುದು. ಏಕಾದಶಿ 1.50. ಹತ್ತು ನಿಮಿಷ ಹಿಂದೆ ಮುಂದೆ ಇದ್ದೀತು. ಮರುದಿನ 2.40. ಆಯಿ, ಅಂದರೆ ನನ್ನಮ್ಮ, ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಬಗ್ಗೋಣ ಪಂಚಾಂಗವನ್ನು ತೆಗೆದುಕೊಂಡು ಹೋಗಿ ಮಗಳು ತಿಥಿಯನ್ನೂ ಪಕ್ಕದಲ್ಲಿ ಬರೆದಳು. ಬರೆದು, ಕಳೆದು, ಹೇಳಿದಳು: "90 ನಿಮಿಷ ತಡ."

240ರಲ್ಲಿ 150 ಕಳೆದರೆ 90 ಸರಿಯೇ. ಶಾಲೆಯಲ್ಲಿ ಕಲಿಸಿದ ಕ್ರಮದಲ್ಲೇ ಕಳೆದಿದ್ದಳು, ಪಕ್ಕದ ಮನೆಯಿಂದ ಹತ್ತು ತಂದುಕೊಂಡು. ಗಂಟೆಯ ಮನೆಯಿಂದ ತರುವಾಗ 60 ಬರುತ್ತದೆ, 100 ಬರುವುದಿಲ್ಲ ಎಂಬುದಷ್ಟೇ ತಪ್ಪಿದ್ದು. ನನ್ನೊಳಗಿನ ಮಾಸ್ತರರು ಎದ್ದು ನಿಂತರು. ತಪ್ಪು ಎಂಬ ಶಬ್ದ ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಆಯಿ ಕಾಯಿ ತುರಿಯಲು ಕರೆದಳು, ನಾನು ಹೋದೆ. ಒಳ್ಳೆಯದೇ ಆಯಿತು. ಮರುದಿನಕ್ಕೆ ಮಗಳು ತನ್ನ ಲೆಕ್ಕದ ಪ್ರಕಾರ 2.40ಕ್ಕೆ 90 ನಿಮಿಷ ಸೇರಿಸಿ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹೊಳೆಗೆ ಇಳಿದಳು. (ಕೂಡುವಾಗ 60 ಸರಿಯಾಗಿ ನೆನಪಿತ್ತು, ಕಳೆಯುವಾಗ ಮರೆತಿತ್ತು. ಈ ವಿಚಿತ್ರ ನನಗೆ ಈಗಲೂ ಬಿಡಿಸಲಾಗಿಲ್ಲ.) ನೀರು ಆಗಲೇ ತಿರುಗಿ ಎರಡನೇ ಮೆಟ್ಟಿಲು ಮುಟ್ಟಿತ್ತು. ಆಚೆಮನೆ ಅಕ್ಕ ತುಂಬಿದ ಬುಟ್ಟಿ ಹೊತ್ತು ದಂಡೆ ಹತ್ತುತ್ತಿದ್ದರು. "ಎಂತ ತಂಗಿ, ಈಗ ಬಂದ್ಯಾ?"

ಅಳಲಿಲ್ಲ. ಸಿಟ್ಟು ಬಂತು, ನನ್ನ ಮೇಲಲ್ಲ, ನೀರಿನ ಮೇಲೆ. ಜಗುಲಿಗೆ ಬಂದು ಪುಸ್ತಕ ತೆರೆದು ಕೂತಳು. ಗೋಡೆ ಗಡಿಯಾರ ಕೆಳಗಿಳಿಸಿಕೊಂಡು ಮುಳ್ಳು ತಿರುಗಿಸಿದಳು, 1.50ರಿಂದ ಎರಡಕ್ಕೆ ಹತ್ತು, ಎರಡರಿಂದ 2.40ಕ್ಕೆ ನಲವತ್ತು. "ಐವತ್ತೇ" ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ 90ನ್ನು ಹೊಡೆದು ಹಾಕದೆ ಅದರ ಪಕ್ಕ ಒಂದು ಸಣ್ಣ ಗಡಿಯಾರದ ಚಿತ್ರ ಬರೆದಳು, ಯಾಕೆಂದು ನಾನು ಕೇಳಲಿಲ್ಲ.

ನೀರಿನ ವರಸೆ ದಿನ ಕಳೆದಂತೆ ಕಾಣಿಸತೊಡಗಿತು. ದಿನವೂ 50 ಅಲ್ಲ. ಹುಣ್ಣಿಮೆ ಹತ್ತಿರ ಬಂದಂತೆ 45, ಮತ್ತೆ 40. ಹುಣ್ಣಿಮೆ ಕಳೆದು ಅಷ್ಟಮಿಯ ಕಡೆ ಹೋದಂತೆ ಮತ್ತೆ ಹಿಗ್ಗಿ ತಾಸು ದಾಟಿತು. ಹುಣ್ಣಿಮೆ ಕಳೆದ ಮೇಲೆ ಸಂಜೆಯ ಇಳಿತ ಕತ್ತಲಿಗೆ ಬಿತ್ತು, ಬೆಳಗಿನದ್ದನ್ನು ಹಿಡಿದೆವು. ಎರಡರ ನಡುವೆ ಹನ್ನೆರಡು ತಾಸಿನ ಮೇಲೆ ಇಪ್ಪತ್ತೈದು ನಿಮಿಷ ಎಂದು ಅಷ್ಟೊತ್ತಿಗೆ ಅವಳಿಗೇ ಗೊತ್ತಾಗಿತ್ತು. ಎಲ್ಲ ಕೂಡಿ ದಿನಗಳಿಂದ ಭಾಗಿಸಿದಾಗ 48ರ ಆಸುಪಾಸು ಬಂತು. ಅವತ್ತು ರಾತ್ರಿ ಜಗುಲಿಯಲ್ಲಿ ಕೂತು ಚಂದ್ರ ದಿನಕ್ಕೆಷ್ಟು ತಡವಾಗಿ ಮೂಡುತ್ತಾನೆ ಎಂಬ ಮಾತು ಬಂತು. ಚಂದ್ರ ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಬರಲು ಇಪ್ಪತ್ತೊಂಬತ್ತೂವರೆ ದಿನ. ಅಷ್ಟರಲ್ಲಿ ಅವನು ಸೂರ್ಯನಿಗಿಂತ ಒಂದು ಪೂರ್ತಿ ದಿನ ಹಿಂದೆ ಬಿದ್ದಿರುತ್ತಾನೆ. ಒಂದು ದಿನವೆಂದರೆ 1440 ನಿಮಿಷ. ಅವಳಿಗೆ ಅರ್ಧದ ಭಾಗಾಕಾರ ಬರುವುದಿಲ್ಲವಾದ್ದರಿಂದ 30 ಎಂದೇ ಇಟ್ಟುಕೊಂಡೆವು. 1440 ಭಾಗಿಸು 30. ಸೊನ್ನೆ ಸೊನ್ನೆ ಹೊಡೆದು, 144ನ್ನು 3ರಿಂದ ಭಾಗಿಸಿ, 48 ಬರೆದು, ಅವಳು ಪೆನ್ಸಿಲ್ ಕೆಳಗಿಟ್ಟಳು. ನಾನೂ ಒಂದು ಕ್ಷಣ ಮಾತಾಡಲಿಲ್ಲ. ಮೆಟ್ಟಿಲ ಮೇಲೆ ಕಡ್ಡಿ ಚುಚ್ಚಿ ಸಿಕ್ಕಿದ ಸಂಖ್ಯೆ ಜಗುಲಿಯಲ್ಲಿ ಕೂತು ಬರೀ ಭಾಗಾಕಾರದಲ್ಲಿ ಮತ್ತೆ ಸಿಕ್ಕಿತ್ತು. ಹೀಗೆ ಸಿಗುತ್ತದೆಂದು ನನಗೂ ಮೊದಲೇ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಏಳೆಂಟ್ಲೆ ಎಷ್ಟೆಂದು ಮಾತ್ರ ಅವತ್ತೂ ಬರಲಿಲ್ಲ. ಹಳ್ಳಿಗೆ ಕರೆದುಕೊಂಡು ಹೋದರೆ ಮಕ್ಕಳು ಎಲ್ಲ ಕಲಿತುಬಿಡುತ್ತಾರೆ ಎಂದು ಬರೆಯುವವರಿಗಾಗಿ ಇದನ್ನು ದಾಖಲಿಸಿದ್ದೇನೆ.

ಆಚೆಮನೆ ಹುಡುಗನ ರಜೆ

ಇಲ್ಲಿಗೆ ನಿಲ್ಲಿಸಿದ್ದರೆ ಬರಹ ಚಂದವಾಗಿಯೇ ಇರುತ್ತಿತ್ತು. ಆದರೆ ಆಚೆಮನೆ ಅಕ್ಕನಿಗೆ ಒಬ್ಬ ಮಗನಿದ್ದಾನೆ, ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡವನು, ಊರ ಕನ್ನಡ ಶಾಲೆ. ಅವನ 48 ದಿನವೂ ರಜೆಯೇ. ನೀರಿಳಿದಾಗ ತಾಯಿಯ ಜೊತೆ ಹೊಳೆಗೆ, ಸೊಂಟದವರೆಗೆ ಕೆಸರು ನೀರಿನಲ್ಲಿ ನಿಂತು ಕಾಲ ಬೆರಳಲ್ಲಿ ಚಿಪ್ಪು ತಡಕಿ ಮುಳುಗಿ ಹೆಕ್ಕುವುದು. ಆಮೇಲೆ ತೊಳೆದು, ಪಾಲು ಹಾಕಿ, ರಸ್ತೆಗೆ ತಂದು ಮಾರುವುದು. ಭರತ ಇಳಿತ ಅವನಿಗೆ ಪ್ರಶ್ನೆಯೇ ಅಲ್ಲ. ಏಕಾದಶಿ ಎಂದರೆ ಊಟ ಆದಮೇಲೆ, ಹುಣ್ಣಿಮೆ ಎಂದರೆ ಚಾ ಹೊತ್ತು, ಅಷ್ಟಮಿ ಎಂದರೆ ಅಂಬಲಿ ಕುಡಿದು ಹೊರಡುವುದು. ನಾವು ಹನ್ನೊಂದು ದಿನ ಕಡ್ಡಿ ಚುಚ್ಚಿ ಕಂಡುಹಿಡಿದದ್ದನ್ನು ಅವನು ಒಂದೇ ಉಸಿರಿಗೆ ಹೇಳಿದ. ನನ್ನ ಮಗಳಿಗೆ ಆಟವಾದದ್ದು ಅವನಿಗೆ ಕೂಲಿ. ಶಾಲೆ ತೆರೆಯುವ ಹೊತ್ತಿಗೆ ನೋಟ್‌ಪುಸ್ತಕ, ಛತ್ರಿ, ಚಪ್ಪಲಿ ಅದರಿಂದಲೇ ಆಗಬೇಕು.

ಅಮೆರಿಕದ ಬಾಲ್ಟಿಮೋರ್ ಎಂಬ ಊರಿನಲ್ಲಿ 1982ರಲ್ಲಿ ಒಂದನೇ ತರಗತಿ ಸೇರಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಮಾಜಶಾಸ್ತ್ರಜ್ಞರು ನಲ್ಲಿಯ ಹೋಲಿಕೆ ಕೊಟ್ಟಿದ್ದರು. ಶಾಲೆ ನಡೆಯುವಾಗ ನಲ್ಲಿ ಎಲ್ಲರಿಗೂ ಹರಿಯುತ್ತದೆ. ರಜೆ ಬಂದರೆ ಬಡವರ ಮನೆಯಲ್ಲಿ ನಿಲ್ಲುತ್ತದೆ, ಉಳ್ಳವರ ಮನೆಯಲ್ಲಿ ಹರಿಯುತ್ತಲೇ ಇರುತ್ತದೆ. ಆ ಲೆಕ್ಕ ಅಷ್ಟು ಗಟ್ಟಿಯೇ ಎಂದು ನಂತರದವರು ಬೇರೆ ಪರೀಕ್ಷೆಗಳನ್ನು ಹಿಡಿದು ಅನುಮಾನಿಸಿದ್ದೂ ಇದೆ. ನನಗೆ ಆ ಹೋಲಿಕೆ ಓದುವಾಗ ಕಾಣುವುದು ಈ ಹುಡುಗನೇ, ಆದರೆ ಹೋಲಿಕೆ ಇವನಿಗೆ ಪೂರ್ತಿ ಕೂರುವುದಿಲ್ಲ. ಇವನ ಮನೆಯಲ್ಲಿ ನೀರು ನಿಂತಿಲ್ಲ, ದಿನಕ್ಕೆರಡು ಸಲ ಏರಿ ಇಳಿಯುತ್ತಿದೆ. ಅದನ್ನು ಹಿಡಿದಿಟ್ಟುಕೊಳ್ಳಲು ಒಂದು ಪುಸ್ತಕ, ಪಕ್ಕದಲ್ಲಿ ಕೂತು "ಹೌದಾ? ಎಷ್ಟು?" ಎನ್ನುವ ಒಬ್ಬ ಬಿಡುವಿನ ಮನುಷ್ಯ, ಇವು ಇಲ್ಲ. ನನಗೆ ಇಪ್ಪತ್ತು ದಿನ ಸಂಬಳದ ರಜೆ ಸಿಗುತ್ತದೆ. ಅವನ ತಾಯಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ, ಆಗ ಕೈಯಲ್ಲಿ ದುಡ್ಡಿರುವುದಿಲ್ಲ.

ಪಂಚಾಯ್ತಿ ಗ್ರಂಥಾಲಯಕ್ಕೆ ಇಬ್ಬರನ್ನೂ ಕರೆದುಕೊಂಡು ಹೋದೆ. 2020ರಲ್ಲಿ ರಾಜ್ಯ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಪುಕ್ಕಟೆ ಎಂದು ಗೊತ್ತಿಲ್ಲದವರು ಇನ್ನೂ ಬಹಳ ಜನ ಇದ್ದಾರೆ, ಇದನ್ನು ಓದುತ್ತಿರುವವರು ಮಕ್ಕಳ ಹೆಸರು ಬರೆಸಿ. ಅಲ್ಲಿ ಒಂದು ತಮಾಷೆ ನಡೆಯಿತು. ನನ್ನ ಮಗಳು ಇಂಗ್ಲಿಷ್ ಮೀಡಿಯಂ. ಕನ್ನಡ ಓದುವಾಗ ಒತ್ತಕ್ಷರ ಬಂದಲ್ಲೆಲ್ಲ ಗಾಡಿ ನಿಲ್ಲುತ್ತದೆ. ಹುಡುಗ ಬೆರಳಿಟ್ಟು ನಿಧಾನಕ್ಕೆ ಓದುತ್ತಾನೆ, ಆದರೆ ನಿಲ್ಲುವುದಿಲ್ಲ. ಆಮೆಯ ಕಥೆಯೊಂದನ್ನು ಅವನು ಅವಳಿಗೆ ಓದಿ ಹೇಳಿದ. ಮುಂದೇನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ, ಹಾಗಾಗಿ "ಆಮೇಲೆ?" ಎನ್ನುತ್ತಲೇ ಇದ್ದಳು. ಅವನ ದನಿ ಪುಟದಿಂದ ಪುಟಕ್ಕೆ ದೊಡ್ಡದಾಯಿತು. ಅವನಿಗೆ ಹಾಗೆ ಎಷ್ಟು ಜನ "ಆಮೇಲೆ?" ಎಂದಿದ್ದಾರೋ. ಮರುದಿನ ಅವನು ಬರಲಿಲ್ಲ, ನೀರಿಳಿಯುವ ಹೊತ್ತೂ ಗ್ರಂಥಾಲಯ ತೆರೆಯುವ ಹೊತ್ತೂ ಒಂದೇ ಆಗಿತ್ತು.

ಶಾಲೆ ತೆರೆದ ಮೇಲೆ ಮಗಳು ಥರ್ಮಾಕೋಲಿನ ಬದಲು ನೀರಿಳಿತದ ಪಟ್ಟಿಯನ್ನೇ ಚಾರ್ಟಿಗೆ ಬರೆದು ಕೊಂಡೊಯ್ದಳು. ಅವಳ ಟೀಚರ್‌ಗೆ ಇಷ್ಟವಾಗಿ ಗೋಡೆಗೆ ಹಚ್ಚಿದರಂತೆ, ಮೂಲೆಯಲ್ಲಿ ಕೆಂಪು ನಕ್ಷತ್ರ. ಚಾರ್ಟಿನ ಕೆಳಗೆ ಸಹಾಯ ಮಾಡಿದವರು ಎಂದು ಅವಳು ನನ್ನ ಹೆಸರು ಬರೆದಿದ್ದಳು. ಆಚೆಮನೆಯವರ ಹೆಸರನ್ನೂ ಬರೆ ಎಂದು ಹೇಳಬೇಕೆಂದು ನನಗೆ ಹೊಳೆದದ್ದು ಚಾರ್ಟು ಶಾಲೆಗೆ ಹೋದ ಮೇಲೆ.

ಒಂದು ಹೇಳುವುದು ಬಿಟ್ಟುಹೋಯಿತು. ಹುಣ್ಣಿಮೆಯ ದಿನ ನಾವೂ ಹೊಳೆಗೆ ಇಳಿದಿದ್ದೆವು. ಸಂಜೆ ಐದರ ಸುಮಾರು, ವರ್ಷದಲ್ಲಿ ಅಪರೂಪಕ್ಕೆ ಕಾಣುವಷ್ಟು ದೂರದವರೆಗೆ ಕೆಸರು ಬರಿದಾಗಿತ್ತು. ಮಗಳಿಗೆ ಸಿಕ್ಕಿದ್ದು ಆರು ಬಳಚು, ಅದರಲ್ಲಿ ಎರಡು ಖಾಲಿ ಚಿಪ್ಪು. ಹುಡುಗನ ಬುಟ್ಟಿ ಅರ್ಧ ತುಂಬಿತ್ತು. ಅವಳ ಪುಸ್ತಕ ನನ್ನ ಕೈಯಲ್ಲಿತ್ತು, ಮರುದಿನದ ಹೊತ್ತನ್ನು ಅವಳು ಮಧ್ಯಾಹ್ನವೇ ಲೆಕ್ಕ ಹಾಕಿ ಬರೆದಿಟ್ಟಿದ್ದಳು. ಕೈ ತೊಳೆಯುತ್ತ, ಸೊಂಟದ ಮೇಲೆ ಕೈಯಿಟ್ಟು, ಥೇಟ್ ನನ್ನದೇ ದನಿಯಲ್ಲಿ ಅವನನ್ನು ಕೇಳಿದಳು: "ಹೇಳು ನೋಡುವಾ, ನಾಳೆ ನೀರು ಎಷ್ಟು ಗಂಟೆಗೆ ಇಳೀತದೆ?"

ಹುಡುಗ ಬಗ್ಗಿದವನು ತಲೆ ಎತ್ತಲೇ ಇಲ್ಲ. "ಪುಸ್ತಕದಲ್ಲಿ ಬರ್ಕಂಡೀಯಲ್ಲ. ಗೊತ್ತಿದ್ದೂ ಎಂತಕ್ಕೆ ಕೇಳ್ತೀ?" ಎಂದ. ಎಂದವನು ನೀರಿನಲ್ಲಿ ಮುಳುಗಿದ.

ಮಗಳು ನನ್ನ ಕಡೆ ನೋಡಿದಳು. ನಾನು ಬುಟ್ಟಿಯ ಕಡೆ ನೋಡಿದೆ. ಅವನು ಮೇಲೆ ಬರುವಾಗ ಎರಡೂ ಕೈಯಲ್ಲಿ ಬಳಚು ಇತ್ತು, ಒಂದು ಹಿಡಿಯನ್ನು ತನ್ನ ಬುಟ್ಟಿಗೆ ಹಾಕಿದ, ಇನ್ನೊಂದನ್ನು ಅವಳ ಫ್ರಾಕಿನ ಮಡಿಲಿಗೆ.